ಉಣ್ಣುವ ಬೆಳೆ, ಮಾರುವ ಬೆಳೆ: ಒಂದು ವಿವೇಚನೆ

ಸಣ್ಣ ಹಿಡುವಳಿಯ ರೈತನು ಉಣ್ಣುವ ಬೆಳೆಯನ್ನು ಬಿಟ್ಟು ಮಾರುವ ಬೆಳೆಗೆ ತಿರುಗುವುದನ್ನು ‘ಪ್ರಗತಿ’ ಎಂಬ ಒಂದೇ ಹೆಸರಿನಿಂದ ಕರೆಯುವುದು ಆರ್ಥಿಕ ಬರವಣಿಗೆಯಲ್ಲಿ ವಾಡಿಕೆಯಾಗಿದೆ. ಚಿತ್ರದುರ್ಗದ ಸೀಮೆಗೆ ಈ ಹೆಸರು ಸಾಲದೆಂಬುದು ನಮ್ಮ ಅಭಿಪ್ರಾಯ.

ಹಿಂದಿನವರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದುದು ಅಜ್ಞಾನದಿಂದಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಕಾಯಲೆಂಬ ವಿವೇಕದಿಂದ. ಚಿತ್ರದುರ್ಗದ ಹೊಲಗಳಲ್ಲಿ ಶೇಂಗಾ, ಈರುಳ್ಳಿ ಬಿತ್ತಿದವನು ಧಾರಣೆ ಕುಸಿದರೆ ಮರುವರ್ಷ ರಾಗಿಗೆ ಮರಳಬಲ್ಲನು. ಹೊಳಲ್ಕೆರೆಯಲ್ಲಿ ಅಡಿಕೆಯನ್ನೋ ಹೊಸದುರ್ಗದಲ್ಲಿ ತೆಂಗನ್ನೋ ನೆಟ್ಟವನಿಗೆ ಆ ದಾರಿ ಸುಲಭವಲ್ಲ. ಮರವು ಫಲಕ್ಕೆ ಬರಲು ವರ್ಷಗಳು ಬೇಕು. ಅಷ್ಟು ಕಾಲವೂ ನೀರು ಬೇಕು. ಕೊಳವೆಬಾವಿ ಬತ್ತಿದರೆ ಹೊಸದನ್ನು ಕೊರೆಸಲು ಬಡವನಿಗೆ ಸಾಲವೇ ಗತಿ. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರದ ನಾಲೆಗಳ ಆಸರೆಯೂ ಮಳೆಯ ಅಧೀನವೇ: 1933ರಲ್ಲಿ ಕೋಡಿ ಹರಿದ ಆ ಜಲಾಶಯವು ಮತ್ತೆ ಕೋಡಿ ಕಂಡದ್ದು 2022ರಲ್ಲಿ.

ಆದುದರಿಂದ ರೈತನು ಪೇಟೆಯನ್ನು ಸೇರಿದನೇ ಎಂದು ಕೇಳುವುದರ ಜೊತೆಗೆ, ಬೇಕಾದಾಗ ಹಿಂದಿರುಗುವ ಸ್ವಾತಂತ್ರ್ಯವನ್ನು ಉಳಿಸಿಕೊಂಡನೇ ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಯನ್ನು ಮರೆತ ಅಧ್ಯಯನವು ಅವನ ಆದಾಯವನ್ನು ಎಣಿಸೀತು. ಅವನು ಹೊತ್ತ ಅಪಾಯವನ್ನು ಎಣಿಸಲಾರದು.