ಹಸುವಿಗೊಂದು ನ್ಯಾಯ, ನಾಯಿಗೊಂದು ನ್ಯಾಯ

ಬ್ರಿಟನ್ನಿನಲ್ಲಿ ಪಶುವೈದ್ಯರಲ್ಲದವರು ಗುದದ್ವಾರದ ಮೂಲಕ ಸ್ಕ್ಯಾನ್ ಮಾಡಿ ಹಸು ಗಬ್ಬವೋ ಅಲ್ಲವೋ ಎಂದು ಹೇಳಬೇಕಾದರೆ, ಮಾನ್ಯತೆ ಪಡೆದ ತರಬೇತಿ ಆಗಿರಲೇಬೇಕು. ಅದಕ್ಕೆಂದೇ 2010ರಲ್ಲಿ ಒಂದು ಆದೇಶ ಹೊರಟಿತು. ನಾಯಿಯ ವಿಷಯದಲ್ಲಿ ಅಂಥದ್ದೇನೂ ಇಲ್ಲ. ಇವತ್ತು ಯಂತ್ರ ಕೊಂಡವರು ನಾಳೆ ಅದನ್ನು ಕಾರಿನಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ದುಡ್ಡು ಪಡೆದು ಸ್ಕ್ಯಾನ್ ಮಾಡಬಹುದು. ಭ್ರೂಣಲಿಂಗ ಪತ್ತೆ ನಿಷೇಧದ ಫಲಕವಿಲ್ಲದ ಸ್ಕ್ಯಾನಿಂಗ್ ಸೆಂಟರನ್ನೇ ಕಾಣದ ನಮಗೆ, ಅಲ್ಟ್ರಾಸೌಂಡ್ ಯಂತ್ರ ಹೀಗೆ ಲಂಗುಲಗಾಮಿಲ್ಲದೆ ಓಡಾಡುವುದೇ ಒಂದು ಸೋಜಿಗ.

ಈ ತಾರತಮ್ಯದ ಬೇರು 1966ರ ಪಶುವೈದ್ಯರ ಕಾಯಿದೆಯಲ್ಲಿದೆ. ರೋಗ ಪತ್ತೆ, ಅದರ ಮೇಲೆ ಕೊಡುವ ಸಲಹೆ, ಚಿಕಿತ್ಸೆ, ಶಸ್ತ್ರಕ್ರಿಯೆ ಇವೆಲ್ಲ ನೋಂದಾಯಿತ ಪಶುವೈದ್ಯರ ಕೆಲಸ. ಗಬ್ಬ ರೋಗವಲ್ಲ, ಹೊಟ್ಟೆಯ ಮೇಲೆ ಜೆಲ್ ಸವರಿ ಪ್ರೋಬ್ ಆಡಿಸಿದರೆ ಒಳಕ್ಕೆ ಏನೂ ಹೋಗುವುದಿಲ್ಲ. ಆದ್ದರಿಂದ ಅದು ಕಾಯಿದೆಯ ಹೊರಗೇ ಉಳಿಯಿತು. ಹಸುವಿನಲ್ಲಿ ಪ್ರೋಬ್ ಒಳಗೆ ಹೋಗುತ್ತದೆ, ಹಾಗಾಗಿ ನಿಯಮ ಬಂತು. ಅಂದರೆ ಕಾನೂನು ಅಪಾಯವನ್ನು ಅಳೆದಿರುವುದು ಪ್ರೋಬ್ ಎಲ್ಲಿಯವರೆಗೆ ಹೋಗುತ್ತದೆ ಎಂಬುದರ ಮೇಲೆ. ನಾಯಿಯ ಸ್ಕ್ಯಾನಿಂಗ್‌ನಲ್ಲಿ ಪ್ರೋಬ್‌ನಿಂದ ಆಗುವ ಕೇಡು ಕಡಿಮೆ. ಪರದೆ ನೋಡಿದ ಮೇಲೆ ಸ್ಕ್ಯಾನ್ ಮಾಡಿದವರು ಆಡುವ ಮಾತಿನಿಂದ ಆಗುವ ಕೇಡೇ ಹೆಚ್ಚು. ಆ ಮಾತಿಗೆ ಮಾನದಂಡವಿಲ್ಲ ಎಂಬುದೇ ನನ್ನ ತಕರಾರು.

ವೈದ್ಯರಲ್ಲದವರು ಮುಟ್ಟಲೇಬಾರದು ಎಂಬ ವಾದ ನನ್ನದಲ್ಲ. ಅಲ್ಲಿನ ಕುರಿ ಸ್ಕ್ಯಾನ್ ಮಾಡುವವರಲ್ಲಿ ಹೆಚ್ಚಿನವರು ಪಶುವೈದ್ಯರಲ್ಲ. ಪಳಗಿದವರು ಗಂಟೆಗೆ ನೂರಕ್ಕೂ ಹೆಚ್ಚು ಕುರಿ ನೋಡಿ ಒಂದೋ ಎರಡೋ ಮೂರೋ ಎಂದು ಹೇಳಿಬಿಡುತ್ತಾರೆ. ಅವರಿಗೆ ಪರೀಕ್ಷೆ ಇಡುವುದು ಕುರಿಗಳೇ: ಕೆಲವು ತಿಂಗಳಲ್ಲಿ ಅವು ಈಯುತ್ತವೆ, ಲೆಕ್ಕ ತಪ್ಪಿದ್ದರೆ ಮಂದೆಯ ಯಜಮಾನ ಮುಂದಿನ ವರ್ಷ ಕರೆಯುವುದಿಲ್ಲ. ನಾಯಿಯ ಮನೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಒಂದು ನಾಯಿ, ಒಂದು ಸಲ, ಆಮೇಲೆ ಏನಾಯಿತೆಂದು ತಿಳಿಸುವವರಿಲ್ಲ. ತಪ್ಪು ತಿದ್ದಿಕೊಳ್ಳಲು ದಾರಿಯೇ ಇಲ್ಲದ ಕಸುಬಿದು. ಹೊರಗಿನ ಮಾನದಂಡ ಬೇಕಿರುವುದು ಅದಕ್ಕಾಗಿ.

ಈಗ ಚಾಲ್ತಿಯಲ್ಲಿರುವ ಒಂದು ದಿನದ ತರಬೇತಿಗಳನ್ನೇ ನೋಡಿ. ಯಂತ್ರದ ಗುಂಡಿಗಳು, ಆಳ ಹೊಂದಿಸುವುದು, ಮೂತ್ರಕೋಶ ಗುರುತಿಸಿ ಅದರ ಆಸುಪಾಸಿನಲ್ಲಿ ಗರ್ಭಕೋಶ ಹುಡುಕುವುದು, ಕಪ್ಪು ಚೀಲದೊಳಗೆ ಮಿಡಿಯುವ ಚುಕ್ಕೆ ಕಾಣುವುದು. ಇಷ್ಟನ್ನು ಒಂದು ದಿನದಲ್ಲಿ ಕಲಿಸಬಹುದು, ಕಲಿಯಲೂಬಹುದು. ಆರೋಗ್ಯವಂತ ನಾಯಿಯ ಆರೋಗ್ಯವಂತ ಗಬ್ಬವನ್ನು ಗುರುತಿಸಲು ಅಷ್ಟು ಸಾಕು. ಕಷ್ಟ ಬರುವುದು ಉಳಿದ ನಾಯಿಗಳಲ್ಲಿ.

ನಾಯಿಯ ದೇಹಧರ್ಮವೇ ಇಲ್ಲಿ ಬಲೆ ಹೆಣೆದಿಟ್ಟಿದೆ. ಬೆದೆ ಮುಗಿದ ಮೇಲೆ ಗಬ್ಬ ನಿಂತಿರಲಿ ಬಿಡಲಿ, ಪ್ರೊಜೆಸ್ಟರಾನ್ ಸುಮಾರು ಎರಡು ತಿಂಗಳು ಏರಿಯೇ ಇರುತ್ತದೆ. ಹಾಗಾಗಿ ಗಬ್ಬವಿಲ್ಲದ ನಾಯಿಯ ಮೊಲೆಯೂ ತುಂಬಬಹುದು, ಅದು ಗೂಡು ಕಟ್ಟಲೂಬಹುದು. ಗರ್ಭಕೋಶದಲ್ಲಿ ಕೀವು ತುಂಬುವ ಪಯೊಮೆಟ್ರಾ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೂ ಬೆದೆಯ ನಂತರದ ನಾಲ್ಕರಿಂದ ಎಂಟು ವಾರಗಳಲ್ಲಿ. ಗಬ್ಬದ ಸ್ಕ್ಯಾನ್‌ಗೆ ಹೇಳಿಮಾಡಿಸಿದ ಕಾಲ ಕೂಡಿದ ಮೇಲಿನ 25ರಿಂದ 35ನೇ ದಿನ. ಎರಡೂ ಒಂದೇ ಹೊತ್ತಿಗೆ ಬೀಳುತ್ತವೆ. ದ್ರವ ತುಂಬಿದ ಗರ್ಭಕೋಶದ ಕೊಂಬು ಅಡ್ಡಲಾಗಿ ಕಂಡಾಗ ದುಂಡಗಿನ ಕಪ್ಪು ಚೀಲದಂತೆಯೇ ತೋರುತ್ತದೆ. ಅನುಭವವಿಲ್ಲದವರು ಅದನ್ನು ನೋಡಿ, ‘ಇನ್ನೂ ಚಿಕ್ಕದು, ವಾರ ಬಿಟ್ಟು ಮತ್ತೆ ನೋಡೋಣ’ ಎಂದರೆ, ಆ ಒಂದು ವಾರದಲ್ಲಿ ನಾಯಿ ಸಾಯಬಹುದು. ‘ಇದು ಪಯೊಮೆಟ್ರಾ’ ಎಂದರೆ ಅದು ರೋಗ ಪತ್ತೆ, ಕಾನೂನಿನ ಪ್ರಕಾರ ಅವರು ಹೇಳುವಂತಿಲ್ಲ. ಆಡಬೇಕಾದ ಮಾತು ಒಂದೇ: ‘ನಾನು ಕಾಣಬೇಕಾದದ್ದು ಕಾಣುತ್ತಿಲ್ಲ, ಇವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ.’ ಈ ಮಾತು ಬಾಯಿಗೆ ಬರಬೇಕಾದರೆ ರೋಗಪೀಡಿತ ಗರ್ಭಕೋಶಗಳನ್ನು ಸಾಕಷ್ಟು ನೋಡಿರಬೇಕು. ತರಬೇತಿಗೆಂದು ಕರೆತಂದ ಎರಡು ಮೂರು ಗಬ್ಬದ ನಾಯಿಗಳಿಂದ ಅದು ಬರುವುದಿಲ್ಲ.

ಇನ್ನು ಮಾಲೀಕರು ತಪ್ಪದೆ ಕೇಳುವ ಪ್ರಶ್ನೆ: ಎಷ್ಟು ಮರಿ? ಅಲ್ಟ್ರಾಸೌಂಡ್ ಇದಕ್ಕೆ ನೆಚ್ಚಬಹುದಾದ ಉತ್ತರ ಕೊಡುವುದಿಲ್ಲ. ಒಂದನ್ನೇ ಎರಡು ಸಲ ಎಣಿಸುವುದೂ ಒಂದು ಕಣ್ತಪ್ಪಿ ಹೋಗುವುದೂ ಸಾಮಾನ್ಯ; ಕೆಲವು ಭ್ರೂಣಗಳು ಕರಗಿಯೂ ಹೋಗುತ್ತವೆ. ಲೆಕ್ಕ ಬೇಕಿದ್ದರೆ ಮೂಳೆ ಗಟ್ಟಿಯಾದ ಮೇಲೆ, 55ನೇ ದಿನದ ಆಚೆ, ಎಕ್ಸ್‌ರೇ ತೆಗೆಸಬೇಕು. ಆದರೂ ಸ್ಕ್ಯಾನ್ ಮಾಡುವವರು ಗಿರಾಕಿಯ ಖುಷಿಗೆ ಒಂದು ಸಂಖ್ಯೆ ಹೇಳುತ್ತಾರೆ. ನಾಲ್ಕು ಎಂದಿದ್ದರೆ, ನಾಲ್ಕನೆಯದು ಹುಟ್ಟಿದ ಮೇಲೆ ಮನೆಯವರು ದೀಪ ಆರಿಸಿ ಮಲಗುತ್ತಾರೆ, ಐದನೆಯದು ಒಳಗೇ ಸಿಕ್ಕಿಕೊಂಡಿರುತ್ತದೆ. ಗಬ್ಬದ ಕೊನೆಯ ದಿನಗಳಲ್ಲಿ ಮರಿಗಳ ಎದೆಬಡಿತ ಎಣಿಸಿ ಸಿಸೇರಿಯನ್ ಯಾವಾಗ ಎಂದು ಸೂಚಿಸುವುದು ಇನ್ನೂ ಗಂಭೀರ. ನಿಮಿಷಕ್ಕೆ 220ರ ಮೇಲಿರಬೇಕಾದ ಬಡಿತ 180ಕ್ಕಿಂತ ಕೆಳಗಿಳಿದರೆ ಮರಿ ಸಂಕಟದಲ್ಲಿದೆ ಎಂದರ್ಥ. ಅದನ್ನು ತೂಗಿನೋಡಿ ಶಸ್ತ್ರಕ್ರಿಯೆ ನಿರ್ಧರಿಸುವುದು ವೈದ್ಯರ ಕೆಲಸವೇ ಸರಿ.

ಶುಚಿತ್ವದ ಪಾಠವಂತೂ ಗಂಭೀರವಾಗಿ ನಡೆಯಲೇಬೇಕು. ಒಂದೇ ಪ್ರೋಬ್, ಒಂದೇ ಹಾಸು ಹಿಡಿದು ಗಬ್ಬದ ನಾಯಿಯಿಂದ ಗಬ್ಬದ ನಾಯಿಗೆ ಹೋಗುವವರು ನಾಯಿಗಳ ಹರ್ಪಿಸ್ ವೈರಸ್ ಹೊತ್ತೊಯ್ಯಬಲ್ಲರು. ಹೊರದೇಶದಿಂದ ತಂದ ನಾಯಿಗಳೊಂದಿಗೆ ಬ್ರಿಟನ್ನಿಗೆ ಬಂದಿರುವ ಬ್ರುಸೆಲ್ಲಾ ಕ್ಯಾನಿಸ್ ಮನುಷ್ಯರಿಗೂ ತಗಲುತ್ತದೆ. ಇನ್ನು ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಯನ್ನು ಬೆನ್ನ ಮೇಲೆ ಮಲಗಿಸಿದರೆ ಉಸಿರಾಟಕ್ಕೇ ಕುತ್ತು, ನಿಲ್ಲಿಸಿಯೇ ನೋಡಬೇಕು.

ವೈದ್ಯರ ಪಾಲೂ ಇಲ್ಲಿ ಇಲ್ಲದಿಲ್ಲ. ಆಸ್ಪತ್ರೆಯ ಬಿಲ್ಲು ದುಬಾರಿ, ಸಂತಾನೋತ್ಪತ್ತಿ ವಿಷಯದಲ್ಲಿ ಆಸಕ್ತಿ ಇರುವ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲ, ಪದವಿ ಇದ್ದ ಮಾತ್ರಕ್ಕೆ ಪ್ರೋಬ್ ಹಿಡಿದ ಕೈ ಪಳಗಿರಬೇಕೆಂದೂ ಇಲ್ಲ. ಹೊರಗಿನವರಿಗೆ ಗಿರಾಕಿ ಸುಮ್ಮನೆ ಹುಟ್ಟಲಿಲ್ಲ. ನಿಷೇಧ ಹೇರಿದರೆ ಈ ಕಸುಬು ಕದ್ದುಮುಚ್ಚಿ ನಡೆಯುತ್ತದೆ, ಅಷ್ಟೆ.

ಆದ್ದರಿಂದ 2010ರ ಆದೇಶದ ಮಾದರಿಯನ್ನೇ ನಾಯಿಗೂ ತರುವುದು ಸರಿಯಾದ ದಾರಿ. ಹಾಜರಾತಿಯ ಪ್ರಮಾಣಪತ್ರಕ್ಕೆ ಅದರಲ್ಲಿ ಬೆಲೆ ಇರಬಾರದು. ಅನುಭವಿಗಳ ಕಣ್ಣೆದುರು ಮಾಡಿದ ಸ್ಕ್ಯಾನ್‌ಗಳು ಎಷ್ಟು, ಆ ನಾಯಿಗಳು ನಿಜಕ್ಕೂ ಮರಿ ಹಾಕಿದವೇ ಎಂಬ ದಾಖಲೆ ಇರಬೇಕು. ಪರೀಕ್ಷೆಯಲ್ಲಿ ಅರ್ಧ ಚಿತ್ರಗಳಾದರೂ ಗಬ್ಬವಲ್ಲದ, ರೋಗಪೀಡಿತ ಗರ್ಭಕೋಶಗಳದ್ದಾಗಿರಬೇಕು. ಸಂಶಯ ಬಂದಾಗ ನಿಲ್ಲಿಸಿದವರಿಗೆ ಅಂಕ, ಊಹಿಸಿದವರಿಗೆ ಸೊನ್ನೆ.

ಬ್ರಿಟನ್ನಿನಲ್ಲಿ ನಾಯಿ ಸಾಕಿಕೊಂಡಿರುವ ಕನ್ನಡಿಗರು ಅಲ್ಲಿಯವರೆಗೆ ಕಾಯಬೇಕಿಲ್ಲ. ಸ್ಕ್ಯಾನ್ ಮಾಡಲು ಬಂದವರನ್ನು, ಏನಾದರೂ ಸರಿಯಿಲ್ಲ ಎನಿಸಿದರೆ ಯಾವ ಪಶುವೈದ್ಯರ ಹತ್ತಿರ ಕಳಿಸುತ್ತೀರಿ ಎಂದು ಮೊದಲೇ ಕೇಳಿ. ಹೆಸರು ಹೇಳಲು ತಡವರಿಸಿದರೆ ನಾಯಿಯನ್ನು ಅವರ ಕೈಗೆ ಕೊಡಬೇಡಿ.