ದಪ್ಪಕ್ಷರದ ಹೆಸರಿಗೆ ಹೊಣೆ ಯಾರು?

ನಾಟಕ ಸಮೂಹ ಕಲೆ, ಇಲ್ಲಿ ತಾರೆಯರಿಗೆ ಜಾಗವಿಲ್ಲ ಎಂಬುದು ನಮ್ಮ ಹವ್ಯಾಸಿ ರಂಗಭೂಮಿಯಲ್ಲಿ ಯಾರೂ ಪ್ರಶ್ನಿಸದ ಮಾತು. ಪೋಸ್ಟರಿನಲ್ಲಿ ನಟನ ಹೆಸರು ದಪ್ಪಕ್ಷರದಲ್ಲಿ ಕಂಡರೆ ಸಾಕು, ಸಿನಿಮಾದ ಚಾಳಿ, ಕಂಪನಿ ನಾಟಕದ ಗಿಮಿಕ್ಕು ಎಂದು ಮೂಗು ಮುರಿಯುತ್ತೇವೆ.

ಹಾಗಿದ್ದರೆ ನಮ್ಮ ಪೋಸ್ಟರುಗಳಲ್ಲಿ ಯಾರ ಹೆಸರೂ ದೊಡ್ಡದಾಗಿ ಇರುವುದಿಲ್ಲವೇ? ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಳಿ ತೂಗುವ ಬ್ಯಾನರುಗಳನ್ನು ಗಮನಿಸಿ. ನಾಟಕದ ಹೆಸರಿನ ಕೆಳಗೆ ರಚನೆ ಇಂಥವರು, ವಿನ್ಯಾಸ ಮತ್ತು ನಿರ್ದೇಶನ ಇಂಥವರು, ಆಮೇಲೆ ಟಿಕೆಟ್ ದರ. ರಂಗದ ಮೇಲೆ ಎರಡು ಗಂಟೆ ಬೆವರು ಹರಿಸುವ ನಟಿಯ ಹೆಸರು ಬೇಕಾದರೆ ಒಳಗೆ ಹೋಗಿ ಬ್ರೋಷರಿನ ಕೊನೆಯ ಪುಟ ತಿರುವಬೇಕು. ಎಪ್ಪತ್ತರ ದಶಕದಲ್ಲಿ ಬಿ.ವಿ. ಕಾರಂತರು ಆಡಿಸಿದ್ದನ್ನು ಜನ 'ಕಾರಂತರ ನಾಟಕ' ಎಂದೇ ಕರೆದರು. ಅವರ ಪ್ರತಿಭೆಗೆ ಅದು ಸಲ್ಲಬೇಕಾದ ಮನ್ನಣೆಯೇ. ಆದರೆ ತಾರಾಪಟ್ಟ ಅಳಿಯಲಿಲ್ಲ. ನಟರ ಕೈಯಿಂದ ನಿರ್ದೇಶಕರ ಕೈಗೆ ದಾಟಿತು, ಅಷ್ಟೇ.

ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಹೆಸರಿನ ಜಾಗಕ್ಕೆ ಚೌಕಾಸಿ ನಡೆದು ಕರಾರಾಗುತ್ತದೆ: ಶೀರ್ಷಿಕೆಯ ಮೇಲೋ ಕೆಳಗೋ, ಅಕ್ಷರ ಎಷ್ಟು ದೊಡ್ಡದು, ಯಾರ ಹೆಸರು ಮೊದಲು. ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯಲ್ಲಿ ನಟನನ್ನು ಮುಖ್ಯ ಪಾತ್ರದ ಸಾಲಿಗೆ ಸೇರಿಸುವಾಗಲೂ, ಸಮಿತಿ ಬೇರೆ ತೀರ್ಮಾನ ಮಾಡದಿದ್ದರೆ, ಹೆಸರು ಶೀರ್ಷಿಕೆಯ ಮೇಲಿತ್ತೇ ಎಂಬುದೇ ಲೆಕ್ಕ. ಇಷ್ಟನ್ನೇ ನೋಡಿದರೆ ಎಲ್ಲವೂ ಅಹಂಕಾರದ ಜಗ್ಗಾಟ ಅನ್ನಿಸೀತು. ಆದರೆ ಶೀರ್ಷಿಕೆಯ ಮೇಲೆ ಹೆಸರಿರುವ ನಟ ಅಂದು ಆಡದಿದ್ದರೆ ಟಿಕೆಟಿನ ಹಣ ವಾಪಸು ಕೇಳುವ, ಇಲ್ಲವೇ ಬೇರೆ ದಿನಕ್ಕೆ ಬದಲಿಸಿಕೊಳ್ಳುವ ಅವಕಾಶ ಪ್ರೇಕ್ಷಕರಿಗೆ ಸಾಮಾನ್ಯವಾಗಿ ಇರುತ್ತದೆ. 2017ರಲ್ಲಿ 'ಹಲೋ, ಡಾಲಿ!' ಎಂಬ ಸಂಗೀತ ನಾಟಕ ಮರಳಿ ರಂಗಕ್ಕೆ ಬಂದಾಗ ಡಾಲಿಯಾಗಿ ಬೆಟ್ ಮಿಡ್ಲರ್ ಇದ್ದರು; ಮಂಗಳವಾರದ ಪ್ರದರ್ಶನಗಳಲ್ಲಿ ಡಾಲಿ ಡೊನ್ನಾ ಮರ್ಫಿ ಎಂದು ಮೊದಲೇ ಸಾರಲಾಗಿತ್ತು. ಯಾರನ್ನು ನೋಡಲು ದುಡ್ಡು ತೆರುತ್ತಿದ್ದೇವೆಂದು ಜನರಿಗೆ ಗೊತ್ತಿತ್ತು. ದಪ್ಪಕ್ಷರ ಅಲ್ಲಿ ಪ್ರೇಕ್ಷಕನಿಗೆ ಕೊಟ್ಟ ಮಾತು. ತಪ್ಪಿದರೆ ನಿರ್ಮಾಪಕನ ಗಲ್ಲಾಪೆಟ್ಟಿಗೆಗೆ ಪೆಟ್ಟು.

ಈಗ ಬಾದಾಮಿಯ ಬನಶಂಕರಿ ಜಾತ್ರೆಗೆ ಬನ್ನಿ. ಅಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲು, ಫ್ಲೆಕ್ಸುಗಳಲ್ಲಿ ಸಿನಿಮಾ, ಟಿವಿ ನಟರ ಮುಖಗಳೇ ದೊಡ್ಡವು. ವರ್ಷವಿಡೀ ಊರೂರು ಸುತ್ತಿ ನಾಟಕವನ್ನು ಹೆಗಲ ಮೇಲೆ ಹೊರುವ ಖಾಯಂ ಕಲಾವಿದರಿಗೆ ಮೂಲೆಯೇ ಗತಿ. ಅತಿಥಿ ನಟಿ ಬಾರದೇ ಹೋದರೆ ಮೈಕಿನಲ್ಲೊಂದು ಕ್ಷಮಾಪಣೆ ಕೇಳಿಸೀತೇ ಹೊರತು ಹಣ ವಾಪಸಿನ ಮಾತು ಎಲ್ಲಿಂದ ಬರಬೇಕು? ಇಲ್ಲಿ ಕೆಟ್ಟಿರುವುದು ಅಕ್ಷರದ ಗಾತ್ರವಲ್ಲ, ಅದಕ್ಕೆ ಯಾರೂ ಹೊಣೆಯಾಗದಿರುವುದು.

ತಾರೆಯ ಹೆಸರು ಟಿಕೆಟ್ ದರ ಏರಿಸುತ್ತದೆ, ಉಳಿದವರನ್ನು ಮಸುಕಾಗಿಸುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಎಲ್ಲ ನಟರನ್ನೂ ಅನಾಮಿಕರಾಗಿಸುವುದು ಅದಕ್ಕೆ ಮದ್ದಲ್ಲ. ಕಂಪನಿ ನಾಟಕಗಳ ಉಚ್ಛ್ರಾಯದಲ್ಲಿ ಹೆಸರೇ ನಟನ ಬಂಡವಾಳ. ಹೆಸರಿದ್ದವನು ಮಾಲೀಕನೆದುರು ಸಂಬಳದ ಮಾತೆತ್ತಬಹುದಿತ್ತು, ಒಗ್ಗದಿದ್ದರೆ ಇನ್ನೊಂದು ಕಂಪನಿಯ ಬಾಗಿಲು ತಟ್ಟಬಹುದಿತ್ತು. 'ಸಮೂಹ ಕಲೆ'ಯ ಹೆಸರಿನಲ್ಲಿ ಹೆಸರನ್ನೇ ಅಳಿಸಿದರೆ ನಟನಿಗೆ ಚೌಕಾಸಿಗೆ ಉಳಿಯುವುದೇನು? ಗೌರವಧನದ ಲಕೋಟೆ ತೆಳ್ಳಗಿದ್ದರೂ ಸುಮ್ಮನೆ ಜೇಬಿಗಿಳಿಸಬೇಕು, ಅಷ್ಟೇ.

ಸಮೂಹ ಕಲೆಯಲ್ಲಿ ನಂಬಿಕೆಯಿರುವ ತಂಡ ನಿರ್ದೇಶಕರ ಹೆಸರು ಅಚ್ಚಾಗುವ ಅಳತೆಯಲ್ಲೇ ನಟರ ಹೆಸರನ್ನೂ ಅಚ್ಚು ಹಾಕಿಸಲಿ. ತಾರೆಯ ಹೆಸರಿನಲ್ಲಿ ಟಿಕೆಟ್ ಮಾರುವ ಕಂಪನಿ, ತಾರೆ ಕೈಕೊಟ್ಟ ದಿನ ಅದನ್ನು ಕೌಂಟರಿನಲ್ಲೇ ಬರೆದು ತೂಗುಹಾಕಿ, ಕೇಳಿದವರಿಗೆ ಹಣ ಮರಳಿಸಲಿ. ಎರಡನ್ನೂ ಮಾಡದೆ ತಾರಾಮೋಹದ ವಿರುದ್ಧ ಭಾಷಣ ಬಿಗಿಯುವುದು ಪುಕ್ಕಟೆ ಆದರ್ಶ.