ಸರ್ವರ್ ಇಲ್ಲಿದ್ದರೆ ಸಾಲದು

ದತ್ತಾಂಶ ಸಾರ್ವಭೌಮತ್ವದ ಮಾತು ಬಂದರೆ ನಮ್ಮ ಚರ್ಚೆಯೆಲ್ಲ ಸರ್ವರ್ ಯಾವ ದೇಶದಲ್ಲಿದೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ದತ್ತಾಂಶವನ್ನು ಭಾರತದಲ್ಲೇ ಇಡಬೇಕೆಂದು ಆದೇಶಿಸಿದ ಮೇಲಂತೂ ಈ ನಂಬಿಕೆ ಗಟ್ಟಿಯಾಯಿತು. ಆ ಆದೇಶ ಸರಿಯಾದದ್ದೇ. ದಾಖಲೆ ನಮ್ಮ ನ್ಯಾಯಾಲಯದ ಕೈಗೆಟುಕಬೇಕು. ಅಷ್ಟನ್ನೇ ಸಾರ್ವಭೌಮತ್ವ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

ಹೊನ್ನಾಳಿ, ನ್ಯಾಮತಿ ಕಡೆಯಿಂದ ಬೆಂಗಳೂರಿಗೆ ಹೋಗಿ ಆಟೊ ಓಡಿಸುವ ಹುಡುಗನೊಬ್ಬನ ಸ್ಥಿತಿ ನೋಡಿ. ವರ್ಷಗಟ್ಟಲೆ ದುಡಿದು ಗಳಿಸಿದ ರೇಟಿಂಗ್, ಇನ್ನೊಂದು ಆ್ಯಪ್‌ಗೆ ಸೇರಿದ ದಿನ ಲೆಕ್ಕಕ್ಕಿಲ್ಲ. ಸರ್ವರ್ ಮುಂಬೈಯಲ್ಲಿದ್ದರೂ ಸಿಂಗಪುರದಲ್ಲಿದ್ದರೂ ಅವನಿಗೆ ಆಗುವ ನಷ್ಟ ಒಂದೇ.

ಅದೇ ಹುಡುಗನ ಅಪ್ಪನಿಗೆ ಪಹಣಿ ಇದೆ. 'ಭೂಮಿ' ಯೋಜನೆಯಲ್ಲಿ ಅದು ಕಂಪ್ಯೂಟರಿಗೆ ಏರಿದ ಮೇಲೂ ಪ್ರತಿ ಪಡೆಯುವ, ತಪ್ಪಿದ್ದರೆ ತಹಶೀಲ್ದಾರರ ಮುಂದೆ ತಕರಾರು ಹೂಡುವ, ಅದನ್ನೇ ತೋರಿಸಿ ಯಾವ ಬ್ಯಾಂಕಿನಲ್ಲಾದರೂ ಸಾಲ ಕೇಳುವ ಹಕ್ಕು ಉಳಿದಿದೆ. ತಿದ್ದುಪಡಿಗೆ ಅಲೆದು ಸೋತವರೂ ಉಂಟು. ಆದರೂ ಅಪ್ಪನಿಗೆ ಕೇಳಲು ಒಂದು ಬಾಗಿಲಿದೆ. ತನ್ನ ರೇಟಿಂಗನ್ನು ಬೇರೆಡೆ ತೋರಿಸಿ ಕೇಳಲು ಮಗನಿಗೆ ಅಂಥ ಬಾಗಿಲಿಲ್ಲ.

ಕಾನೂನು ಈ ಕೊರತೆಯನ್ನು ಕಾಣದೆ ಇರಲಿಲ್ಲ. 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ತನ್ನ ದತ್ತಾಂಶವನ್ನು ಬೇರೆಡೆಗೆ ಒಯ್ಯುವ ಹಕ್ಕಿತ್ತು. ಆ ಮಸೂದೆಯ ಬದಲಿಗೆ ಬಂದ 2023ರ ಕಾಯ್ದೆ ಆ ಹಕ್ಕನ್ನು ಕೈಬಿಟ್ಟಿತು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಬಗ್ಗೆ ಸುದ್ದಿಯಾದದ್ದು ಬಹುಪಾಲು ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕ. ನನ್ನ ಮಟ್ಟಿಗೆ ಅದರ ಜೀವಾಳ ಬೇರೆ: ರೇಟಿಂಗ್ ಮತ್ತು ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕರಿಗೆ ತಿಳಿಸಬೇಕು, ಕೆಲಸದಿಂದ ತೆಗೆಯಲು ಕಾರಣ ಕೊಟ್ಟು 14 ದಿನ ಮೊದಲೇ ನೋಟಿಸ್ ನೀಡಬೇಕು ಎಂಬುದು. ಇದು ದೊಡ್ಡ ಹೆಜ್ಜೆ. ಆದರೆ ತಿಳಿಯುವ ಹಕ್ಕು ಕೊಟ್ಟ ಕಾಯ್ದೆ ಒಯ್ಯುವ ಹಕ್ಕು ಕೊಡಲಿಲ್ಲ.

ಚಾಲಕರದೇ ಆ್ಯಪ್ ಇದ್ದರೆ ಸಾಕು ಎನ್ನುವವರು 2022ರಲ್ಲಿ ಆಟೊ ಚಾಲಕರ ಸಂಘದ ಬೆಂಬಲದಿಂದ ಬಂದ 'ನಮ್ಮ ಯಾತ್ರಿ'ಯನ್ನು ತೋರಿಸುತ್ತಾರೆ. ಕಮಿಷನ್ ತಪ್ಪಿದ್ದು ನಿಜವಾದ ಗೆಲುವು. ಆದರೆ ಒಂದು ಆ್ಯಪ್‌ನ ಒಳ್ಳೆಯತನ ಎಲ್ಲ ಆ್ಯಪ್‌ಗಳಿಗೂ ಕಟ್ಟಳೆಯಾಗದು. ರೇಟಿಂಗ್ ತಮ್ಮ ವ್ಯಾಪಾರದ ಗುಟ್ಟು ಎಂದು ಕಂಪನಿಗಳು ವಾದಿಸಬಹುದು. ಲೆಕ್ಕ ಹಾಕುವ ಸೂತ್ರ ಅವರದೇ ಇರಲಿ. ಆ ಅಂಕ ದುಡಿದವನದು.

ಬಿಟ್ಟುಹೋಗುವ ಕಾರ್ಮಿಕನಿಗೆ ಅವನ ಟ್ರಿಪ್, ರೇಟಿಂಗ್, ದೂರುಗಳ ದೃಢೀಕೃತ ದಾಖಲೆಯನ್ನು ಕನ್ನಡದಲ್ಲಿ ಕೊಡಲೇಬೇಕೆಂದು ರಾಜ್ಯ ತನ್ನ ಕಾಯ್ದೆಗೆ ಸೇರಿಸಲಿ. ಪ್ರಜೆಗೆ ಸಿಗದ ಅಧಿಕಾರವನ್ನು ದೇಶದ ಹೆಸರಿನಲ್ಲಿ ಸಾರ್ವಭೌಮತ್ವ ಎಂದು ಕರೆಯಲಾಗದು.